ಸನ್‌ರೂಫ್ ಕಿರುಗುಟ್ಟುತ್ತಿದೆ: ಮೂರು ಬಗೆಯ ಎಣ್ಣೆ ಹಚ್ಚಿ ಸೋತಿದ್ದೇನೆ

ಹೇಮಾವತಿ_ದಂಡೆ · ಮೇ 9

ಕಾರಿಗೆ ನಾಲ್ಕು ವರ್ಷ, ಓಡಿರುವುದು 46 ಸಾವಿರ ಕಿಲೋಮೀಟರ್. ಎರಡು ಗಾಜಿನ ಪನೋರಮಿಕ್ ಸನ್‌ರೂಫ್; ಮುಂದಿನ ಗಾಜು ಸರಿಯುತ್ತದೆ, ಹಿಂದಿನದು ಅಂಟಿಸಿದ್ದು. ಹಾಸನದಿಂದ ಸಕಲೇಶಪುರದ ಕಡೆಗೆ ವಾರಕ್ಕೆ ಐದು ದಿನ ಹೋಗಿಬರುತ್ತೇನೆ. ಹೆದ್ದಾರಿಯಲ್ಲಿ ತೊಂದರೆ ಇಲ್ಲ. ಎಸ್ಟೇಟ್ ರಸ್ತೆಗೆ ಇಳಿದ ಕೂಡಲೇ ತಲೆಯ ಮೇಲೆ ಶುರುವಾಗುತ್ತದೆ: ಹಳೆಯ ಮರದ ಮಂಚದಲ್ಲಿ ಯಾರೋ ಮಗ್ಗುಲು ಬದಲಿಸಿದ ಹಾಗೆ ಕಿರ್, ಕಿರ್. ನಡುನಡುವೆ ಒಂದು ‘ಟಕ್’. ಬೆಳಿಗ್ಗೆ ಜೋರು, ಬಿಸಿಲೇರಿದ ಮೇಲೆ ಅರ್ಧ. ಮಳೆಯಲ್ಲಿ ನೆನೆದಿದ್ದರೆ ಕಿರುಗುಟ್ಟುವುದು ಬಹುತೇಕ ಇಲ್ಲ.

ಸರ್ವಿಸ್ ಕೇಂದ್ರಕ್ಕೆ ಎರಡು ಸಲ ಕೊಂಡೊಯ್ದೆ. ಮೊದಲ ಸಲ ‘ಈ ಗಾಡಿಗಳಲ್ಲಿ ಇದು ಸಹಜ’ ಎಂದರು. ಎರಡನೆಯ ಸಲ ಏನೋ ಗ್ರೀಸ್ ಹಚ್ಚಿ ಬಿಲ್ಲು ಕೊಟ್ಟರು. ಮೂರು ದಿನ ಸುಮ್ಮನಿತ್ತು. ಆಮೇಲೆ ನಮ್ಮ ತಂದೆಯವರು, ಮನೆಯ ಬಾಗಿಲಿನ ತಿರುಗಣಿಗೆ ಆಗುವುದು ಕಾರಿಗೆ ಏಕಾಗಬಾರದು ಎಂದು ರಬ್ಬರಿನ ಸುತ್ತ ತೆಂಗಿನೆಣ್ಣೆ ಸವರಿದರು. ಅದೂ ಎರಡು ದಿನ. ಕೊನೆಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದೆ. ಒಂದು ದಿನ ಸ್ವರ್ಗ, ಮರುದಿನದಿಂದ ಮೊದಲಿಗಿಂತ ಜೋರು.

ಸದ್ದು ನನ್ನ ಎಡಗಿವಿಯ ಮೇಲೆ ಬರುತ್ತದೆ ಎಂದು ನಾನು, ಹಿಂದಿನ ಸೀಟಿನ ಮೇಲೆ ಎಂದು ಹೆಂಡತಿ. ಇಡೀ ಸನ್‌ರೂಫ್ ಕಳಚಬೇಕೆ?

ಗಾಜಿಲ್ಲದವನು · ಮೇ 9

ಸೋರದ ಚಾವಣಿಗೆ ದುಡ್ಡು ಕೊಟ್ಟು ತೂತು ಕೊರೆಸಿಕೊಂಡವರ ಬಗ್ಗೆ ನನಗೆ ಅನುಕಂಪವಿದೆ, ಆಶ್ಚರ್ಯವಿಲ್ಲ. ನನ್ನ ಗಾಡಿಯ ಮೇಲೆ ಇರುವುದು ತಗಡು. ತಗಡು ಮಾತಾಡುವುದಿಲ್ಲ.

ಬಾಡಿಶಾಪ್_ದಾವಣಗೆರೆ · ಮೇ 9

ಕಳಚುವುದು ಬೇಡ. ಮೊದಲು ಹಚ್ಚುವುದನ್ನು ನಿಲ್ಲಿಸಿ. ನೀವು ಹೇಳಿದ್ದರಲ್ಲೇ ಅರ್ಧ ಉತ್ತರವಿದೆ.

ಮಳೆಯಲ್ಲಿ ಸದ್ದು ನಿಲ್ಲುತ್ತದೆ ಎಂದಿರಿ. ನೀರು ಹೋಗಿ ಕೂರುವುದು ಗಾಜಿನ ಅಂಚಿಗೂ ಚಾವಣಿಯ ತಗಡಿಗೂ ನಡುವಿನ ರಬ್ಬರಿನಲ್ಲಿ. ಆ ರಬ್ಬರು ಒಣಗಿದಾಗ ತಗಡನ್ನು ಬಿಗಿಯಾಗಿ ಹಿಡಿಯುತ್ತದೆ, ಬಾಡಿ ಸ್ವಲ್ಪ ತಿರುಚಿದಾಗ ಕೈಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಆ ಹಿಡಿ-ಬಿಡುವೇ ಕಿರ್. ನೀರು ಎಣ್ಣೆಯ ಕೆಲಸ ಮಾಡುವುದರಿಂದ ಮಳೆಯಲ್ಲಿ ಸುಮ್ಮನಾಗುತ್ತದೆ. ಗಾಜು ಸರಿಯುವ ರೇಲು, ಮೋಟಾರು, ಕೇಬಲ್ ಕೆಟ್ಟಿದ್ದರೆ ಮಳೆಗೂ ಅದಕ್ಕೂ ಸಂಬಂಧವಿರುತ್ತಿರಲಿಲ್ಲ.

ಆದರೆ ‘ಟಕ್’ ಬೇರೆ. ಅದು ರಬ್ಬರಿನ ಸದ್ದಲ್ಲ. ಗಟ್ಟಿ ವಸ್ತು ಗಟ್ಟಿ ವಸ್ತುವಿಗೆ ಬಡಿಯುವ ಸದ್ದು. ಎರಡನ್ನೂ ಒಂದೇ ರೋಗವೆಂದು ಮದ್ದು ಮಾಡಿದ್ದಕ್ಕೇ ಇಷ್ಟು ದಿನ ಹಿಡಿದಿದೆ ಅನ್ನಿಸುತ್ತದೆ.

ಮೂರು ಕೆಲಸ ಮಾಡಿ. ಒಂದೇ ರಸ್ತೆ, ಒಂದೇ ವೇಗ, ಗಂಟೆಗೆ 20 ಕಿಲೋಮೀಟರ್ ಸಾಕು. ಮೊದಲು ಗಾಜು ಪೂರ್ತಿ ಮುಚ್ಚಿ ಓಡಿಸಿ. ಆಮೇಲೆ ಸರಿಯುವ ಗಾಜಿನ ಹಿಂಬದಿ ಅಂಚನ್ನು ಮಾತ್ರ ಎತ್ತಿಸಿ ಅದೇ ರಸ್ತೆಯಲ್ಲಿ ಬನ್ನಿ. ಕೊನೆಗೆ ಪೂರ್ತಿ ತೆರೆದು. ಗಾಜು ಎತ್ತಿದಾಗ ಯಾವ ಸದ್ದು ಹೋಗುತ್ತದೆ, ಯಾವುದು ಉಳಿಯುತ್ತದೆ ಬರೆದಿಟ್ಟುಕೊಳ್ಳಿ. ನೆರಳಿನ ಪರದೆಯನ್ನೂ ಒಮ್ಮೆ ಮುಚ್ಚಿ ಒಮ್ಮೆ ತೆರೆದು ನೋಡಿ. ಎಷ್ಟೋ ಗಾಡಿಗಳಲ್ಲಿ ಗಡಗಡ ಎನ್ನುವುದು ಆ ಪರದೆಯ ಮುಂದಿನ ಪಟ್ಟಿ, ಗಾಜಿನ ಮೇಲೆ ಸುಮ್ಮನೆ ಅಪವಾದ.

ಬೇಗ ಗೊತ್ತಾಗಬೇಕೆಂದರೆ, ಗೇಟಿನ ಮುಂದಿನ ಇಳಿಜಾರನ್ನು ಓರೆಯಾಗಿ ಹತ್ತಿ. ಒಂದು ಚಕ್ರ ಮೊದಲು ಏರಿದಾಗ ಬಾಡಿ ತಿರುಚುತ್ತದೆ. ಎಂಜಿನ್ ಸದ್ದು ಕಡಿಮೆ, ಗಾಳಿಯ ಸದ್ದು ಇಲ್ಲ; ಕಿರ್ ಸ್ಪಷ್ಟವಾಗಿ ಕೇಳುತ್ತದೆ.

ಕಂಪನ · ಮೇ 10

ಕಾರುಗಳ ಸದ್ದು ಹುಡುಕುವುದೇ ನನ್ನ ಹೊಟ್ಟೆಪಾಡು, ಆದ್ದರಿಂದ ಗಂಡ-ಹೆಂಡಿರ ಜಗಳದಲ್ಲಿ ಮಧ್ಯೆ ಬರುತ್ತೇನೆ. ಇಬ್ಬರೂ ತಪ್ಪಿರಬಹುದು. ನಮ್ಮ ಎರಡು ಕಿವಿಗಳು ಎಡವೋ ಬಲವೋ ಎಂಬುದನ್ನು ಚೆನ್ನಾಗಿ ಹೇಳುತ್ತವೆ. ಮೇಲೋ ಕೆಳಗೋ, ಮುಂದೋ ಹಿಂದೋ ಎಂಬಲ್ಲಿ ಸುಲಭವಾಗಿ ಮೋಸಹೋಗುತ್ತವೆ. ತಲೆಯ ಮೇಲೆ ಒಂದು ದೊಡ್ಡ ಗಾಜು ಬೇರೆ ಇದೆ. ಎಲ್ಲಿಯದೋ ಸದ್ದು ಅದಕ್ಕೆ ತಾಗಿ ಇನ್ನೆಲ್ಲಿಂದಲೋ ಬಂದಂತೆ ಕೇಳುತ್ತದೆ. ಸೀಟ್‌ಬೆಲ್ಟಿನ ಎತ್ತರ ಹೊಂದಿಸುವ ಗುಂಡಿ, ಕನ್ನಡಕದ ಪೆಟ್ಟಿಗೆ, ಬಿಸಿಲುತಡೆಯ ಕೊಂಡಿ, ಚಾವಣಿಯ ಮೇಲಿನ ಲಗೇಜು ಕಂಬಿಯ ಸ್ಕ್ರೂ, ಹಿಂಬಾಗಿಲಿನ ಚಿಲಕ, ಇವೆಲ್ಲ ಸನ್‌ರೂಫ್‌ನ ಹೆಸರಿನಲ್ಲಿ ಸದ್ದು ಮಾಡುವುದನ್ನು ನೋಡಿದ್ದೇನೆ.

ಹಾಗಾಗಿ ಕಿವಿಗಿಂತ ಕೈಯನ್ನು ನಂಬಿ. ಇನ್ನೊಬ್ಬರು ಓಡಿಸುವಾಗ ನೀವು ಪಕ್ಕದಲ್ಲಿ ಕುಳಿತು ಅಂಗೈಯಿಂದ ಗಾಜನ್ನು ಮೇಲಕ್ಕೆ ಒತ್ತಿ ಹಿಡಿಯಿರಿ. ಒಂದೊಂದೇ ಮೂಲೆ. ಒತ್ತಿದಾಗ ನಿಂತು ಬಿಟ್ಟಾಗ ಬಂದರೆ ಅದೇ ಮೂಲೆ. ಆಮೇಲೆ ಒಳಚಾವಣಿಯ ಬಟ್ಟೆ, ಆಮೇಲೆ ಪಕ್ಕದ ಕಂಬದ ಪ್ಲಾಸ್ಟಿಕ್. ಒಮ್ಮೆಗೆ ಒಂದನ್ನು ಮಾತ್ರ ಮುಟ್ಟಿ.

ದುಬಾರಿ ಉಪಕರಣ ಬೇಡ. ಗಾರೆಯವರು ಮಟ್ಟ ನೋಡಲು ಬಳಸುವ ಪಾರದರ್ಶಕ ಕೊಳವೆ ಒಂದು ಮೀಟರ್ ತಂದು ಒಂದು ತುದಿಯನ್ನು ಕಿವಿಗೆ ಹಿಡಿದು ಇನ್ನೊಂದು ತುದಿಯನ್ನು ಗಾಜಿನ ಅಂಚಿನುದ್ದಕ್ಕೂ ಆಡಿಸಿ. ನಮ್ಮ ಪ್ರಯೋಗಾಲಯದ ಮೈಕ್ರೊಫೋನುಗಳಿಗೆ ಹೇಳಬೇಡಿ, ಕೆಲವೊಮ್ಮೆ ನಾನೂ ಅದನ್ನೇ ಬಳಸುತ್ತೇನೆ. ಓಡಿಸುವವರು ಮಾತ್ರ ಇದನ್ನು ಮಾಡಕೂಡದು.

ತೆಂಗಿನೆಣ್ಣೆಯ ವಿಷಯ: ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಚಳಿಗಾಲದ ಬೆಳಿಗ್ಗೆ ಬಚ್ಚಲಮನೆಯ ಶೀಶೆಯಲ್ಲಿ ಏನಾಗಿರುತ್ತದೆ ನೆನಪಿಸಿಕೊಳ್ಳಿ. ನಿಮ್ಮ ಕಡೆಯ ತಂಪಿನಲ್ಲಿ ಬೆಳಗಿನ ಹೊತ್ತು ನಿಮ್ಮ ರಬ್ಬರಿನ ಮೇಲೂ ಅದೇ ಆಗಿರಬಹುದು, ಧೂಳಿನ ಸಮೇತ.

ಹೇಮಾವತಿ_ದಂಡೆ · ಮೇ 12

ನಿನ್ನೆ ಭಾನುವಾರ. ಹೆಂಡತಿ ಓಡಿಸಿದಳು, ನಾನು ಕೈ ಮೇಲೆತ್ತಿ ಕುಳಿತೆ. ಎದುರು ಬಂದ ಜೀಪಿನವರು ಶರಣಾಗತಿಯೆಂದು ತಿಳಿದು ನಕ್ಕರು.

ಮುಚ್ಚಿದಾಗ ಕಿರ್ ಮತ್ತು ಟಕ್ ಎರಡೂ. ಹಿಂಬದಿ ಎತ್ತಿದಾಗ ಕಿರ್ ಹೋಯಿತು, ಟಕ್ ಉಳಿಯಿತು. ಪೂರ್ತಿ ತೆರೆದಾಗ ಎರಡೂ ಇಲ್ಲ. ಪರದೆ ಹೇಗಿದ್ದರೂ ವ್ಯತ್ಯಾಸವಿಲ್ಲ. ಅಂಗೈ ಒತ್ತಿದಾಗ ಕಿರ್ ನಿಂತದ್ದು ಎಡಗಡೆಯ ಹಿಂದಿನ ಮೂಲೆಯಲ್ಲಿ. ಅಂದರೆ ನನ್ನ ಎಡಗಿವಿಯೂ ಸರಿ, ಹೆಂಡತಿಯ ‘ಹಿಂದೆ’ ಎಂಬುದೂ ಸರಿ. ಮನೆಯಲ್ಲಿ ಶಾಂತಿ ನೆಲೆಸಿದೆ. ಟಕ್ ಮಾತ್ರ ಎಲ್ಲಿ ಒತ್ತಿದರೂ ನಿಲ್ಲಲಿಲ್ಲ.

ಗೇಟಿನ ಇಳಿಜಾರು ಓರೆಯಾಗಿ ಹತ್ತಿದಾಗ ಕಿರ್ ಎಷ್ಟು ಸ್ಪಷ್ಟವಾಗಿ ಬಂತೆಂದರೆ ಒಳಗಿದ್ದ ತಂದೆಯವರು ಹೊರಗೆ ಬಂದರು.

ಕೆಮ್ಮಣ್ಣು · ಮೇ 12

ಸಂಡೂರಿನ ಕಡೆಯವನು. ನಮ್ಮಲ್ಲಿ ಧೂಳು ಎಂದರೆ ಧೂಳಲ್ಲ, ಅದಿರು. ಬಿಳಿ ಕಾರು ಕೊಂಡವರು ಮೂರು ತಿಂಗಳಲ್ಲಿ ಇಟ್ಟಿಗೆ ಬಣ್ಣಕ್ಕೆ ಒಗ್ಗಿಕೊಳ್ಳುತ್ತಾರೆ.

ನಿಮ್ಮದು ರಬ್ಬರು ಇರಬಹುದು, ಆದರೆ ಗಾಜು ತೆರೆದಾಗ ಪಕ್ಕದ ರೇಲನ್ನೂ ಒಮ್ಮೆ ನೋಡಿ. ನನ್ನ ಗಾಡಿಯ ಗಾಜು ಅರ್ಧ ದಾರಿಗೆ ಬಂದು ತಾನಾಗಿ ಹಿಂದೆ ಸರಿಯುತ್ತಿತ್ತು. ಮೋಟಾರು ಹೋಯಿತು, ಇಡೀ ಜೋಡಣೆ ಬದಲಿಸಬೇಕು ಎಂದು ಹೆದರಿಸಿದ್ದರು. ರೇಲಿನಲ್ಲಿ ಹಳೆಯ ಗ್ರೀಸಿಗೆ ಕೆಂಪು ಧೂಳು ಬೆರೆತು ಹುರಿಗಡಲೆ ಉಂಡೆಯಂಥ ಮುದ್ದೆಯಾಗಿತ್ತು. ಗಾಜಿಗೆ ಬೆರಳು ಸಿಕ್ಕಿದರೆ ಹಿಂದೆ ಸರಿಯಲಿ ಎಂದು ಒಂದು ರಕ್ಷಣೆ ಇರುತ್ತದಲ್ಲ, ಅದು ಈ ಮುದ್ದೆಯನ್ನೂ ಬೆರಳೆಂದೇ ತಿಳಿಯುತ್ತಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷು, ಹಳೆಯ ಪಂಚೆಯ ತುಂಡು, ಐಸ್‌ಕ್ರೀಮ್ ಕಡ್ಡಿ: ಒಂದು ಗಂಟೆಯ ಕೆಲಸ. ಒರೆಸಿದ ಪಂಚೆ ನೋಡಿ ಮನೆಯವರು ರಕ್ತವೆಂದು ಗಾಬರಿಯಾದರು.

ನೀರಿನ ಪೈಪು ಹಿಡಿದು ರೇಲು ತೊಳೆಯಬೇಡಿ. ಮುದ್ದೆ ಕರಗಿ ನೀರು ಹೊರಹೋಗುವ ಕೊಳವೆಯೊಳಗೆ ಇಳಿದು ಅಲ್ಲಿ ಮತ್ತೆ ಮುದ್ದೆಯಾಗುತ್ತದೆ. ನಾನು ಕಲಿತದ್ದು ಹಾಗೆ.

ಮಸ್ಕತ್_ಮನೆ · ಮೇ 13

ಇಲ್ಲಿ ಬೇಸಿಗೆಯಲ್ಲಿ ನೆರಳಿನಲ್ಲೇ 45 ಡಿಗ್ರಿ ದಾಟುತ್ತದೆ, ಬಿಸಿಲಿನಲ್ಲಿ ನಿಂತ ಚಾವಣಿಯನ್ನು ಮುಟ್ಟುವ ಹಾಗಿಲ್ಲ. ರಬ್ಬರಿನ ಆರೈಕೆಯಲ್ಲಿ ನನಗೆ ಹನ್ನೊಂದು ವರ್ಷದ ಅನುಭವ ಇದೆ, ಅದರಲ್ಲಿ ಮೊದಲ ಮೂರು ವರ್ಷದ್ದು ತಪ್ಪುಗಳ ಅನುಭವ.

ಬಾಗಿಲು ಮತ್ತು ಸನ್‌ರೂಫ್‌ಗೆ ಹಾಕುವ ರಬ್ಬರು ಹೆಚ್ಚಿನ ಕಾರುಗಳಲ್ಲಿ ಇಪಿಡಿಎಂ ಎಂಬ ಬಗೆಯದು. ಬಿಸಿಲನ್ನೂ ಮಳೆಯನ್ನೂ ಚೆನ್ನಾಗಿ ತಾಳುತ್ತದೆ. ಪೆಟ್ರೋಲಿಯಂ ಎಣ್ಣೆ ಮಾತ್ರ ಅದಕ್ಕೆ ಆಗದು. ಅದನ್ನು ಹೀರಿ ಊದಿಕೊಂಡು ಮೆತ್ತಗಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ, ಬೇರಿಂಗ್ ಗ್ರೀಸ್, ವ್ಯಾಸಲೀನ್ ಇವೆಲ್ಲ ಆ ಜಾತಿಯವು. ಸ್ಪ್ರೇ ಹೊಡೆದಾಗ ಒಂದು ದಿನ ಸುಮ್ಮನಿದ್ದು ಮರುದಿನ ಜೋರಾಯಿತು ಎಂದಿರಲ್ಲ, ಅದು ಇದ್ದಬದ್ದ ಒಳ್ಳೆಯ ಗ್ರೀಸನ್ನೂ ತೊಳೆದುಕೊಂಡು ಆವಿಯಾಗಿದೆ.

ಬೇಕಾಗಿರುವುದು ಶುದ್ಧ ಸಿಲಿಕೋನ್ ಗ್ರೀಸ್, ಟ್ಯೂಬಿನದು. ಸ್ಪ್ರೇ ರೂಪದ್ದು ಬೇಡ. ಗಾಳಿಗೆ ಹಾರಿ ಮುಂದಿನ ಗಾಜಿನ ಮೇಲೆ ಕೂತರೆ ಮಳೆಯಲ್ಲಿ ವೈಪರ್ ಎಳೆದಲ್ಲೆಲ್ಲ ಮಂಜು. ರಬ್ಬರಿನ ಒಂದು ಬದಿಗೆ ಅವರೆಕಾಳಿನಷ್ಟು ಸಾಕು. ಬೆರಳಿನಲ್ಲಿ ತಿಕ್ಕಿ ತಿಕ್ಕಿ ಒಳಗೆ ಇಳಿಸಿ, ಹದಿನೈದು ನಿಮಿಷ ಬಿಟ್ಟು ಮೇಲಿನದನ್ನು ಒರೆಸಿಬಿಡಿ. ಮುಟ್ಟಿದರೆ ಜಾರಬೇಕು, ಕೈಗೆ ಅಂಟಬಾರದು. ಕೈಗೆ ಅಂಟುವಷ್ಟಿದ್ದರೆ ಧೂಳಿಗೂ ಅಂಟುತ್ತದೆ.

ಒಂದು ಎಚ್ಚರ. ಕೆಲವು ಕಾರುಗಳ ರಬ್ಬರಿನ ಮೇಲೆ ಮಖಮಲ್ಲಿನಂಥ ನವಿರು ಕೂದಲಿನ ಪದರ ಇರುತ್ತದೆ. ಅದಕ್ಕೆ ಗ್ರೀಸ್ ಮೆತ್ತಿದರೆ ಒದ್ದೆ ಬೆಕ್ಕಿನ ಮೈಯಾಗುತ್ತದೆ. ಬರಿಯ ಶುಚಿ ಸಾಕು.

ಬಾಡಿಶಾಪ್_ದಾವಣಗೆರೆ · ಮೇ 13

ಮಸ್ಕತ್ತಿನವರು ಹೇಳಿದ್ದು ಸರಿ. ಪೇಂಟ್ ಮಾಡುವವನಾಗಿ ನನ್ನದೊಂದು ಅಳಲು ಸೇರಿಸುತ್ತೇನೆ. ಸಿಲಿಕೋನ್ ಎಲ್ಲಿ ಬಿದ್ದರೂ ಸರಿ, ನನ್ನ ಅಂಗಡಿಯಲ್ಲಿ ಬೀಳಬಾರದು. ಕಣ್ಣಿಗೆ ಕಾಣದಷ್ಟು ಉಳಿದಿದ್ದರೂ ಹೊಸ ಬಣ್ಣ ಅಲ್ಲಿ ನಿಲ್ಲದೆ ಸುತ್ತ ಸರಿದು ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ. ಒಂದು ಬಾನೆಟ್ಟನ್ನು ಮೂರು ಸಲ ಉಜ್ಜಿ ಬಳಿದಿದ್ದೇನೆ. ಹಚ್ಚುವಾಗ ಚಾವಣಿಯ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಆದ ಮೇಲೆ ತೆಗೆಯಿರಿ. ಎಂದಾದರೂ ಆ ಕಾರು ನನ್ನಂಥವನ ಬಳಿ ಬರುತ್ತದೆ.

ಹೇಮಾವತಿಯವರೇ, ನಿಮ್ಮ ರಬ್ಬರಿನ ಮೇಲೆ ಈಗ ಮೂರು ತಲೆಮಾರಿನ ಎಣ್ಣೆ ಇದೆ. ಅದರ ಮೇಲೆ ನಾಲ್ಕನೆಯದನ್ನು ಹಚ್ಚಿದರೆ ಉಪಯೋಗವಿಲ್ಲ. ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ. ಬಟ್ಟೆ ಹಿಂಡಿ ಒರೆಸಿ, ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೆ. ರಬ್ಬರಿನ ತುಟಿಯನ್ನು ಬೆರಳಿನಿಂದ ಮಡಚಿ ಒಳಮೈಯನ್ನೂ ಒರೆಸಿ; ಕಿರುಗುಟ್ಟುವುದು ಅಲ್ಲಿಯೇ. ರಬ್ಬರು ಬಡಿಯುವ ತಗಡಿನ ಅಂಚನ್ನು ಒರೆಸಲು ಬಹಳ ಜನ ಮರೆಯುತ್ತಾರೆ. ಪೂರ್ತಿ ಒಣಗಿಸಿ, ಆಮೇಲೆ ಗ್ರೀಸ್.

ಹಚ್ಚುವ ಮುಂಚೆ ಒಂದು ಕಾಗದದ ಪಟ್ಟಿಯನ್ನು ಅಂಚಿಗೆ ಇಟ್ಟು ಗಾಜು ಮುಚ್ಚಿ ಎಳೆದು ನೋಡಿ. ಸುತ್ತ ಎಂಟು ಹತ್ತು ಕಡೆ. ಎಲ್ಲ ಕಡೆಯೂ ಒಂದೇ ಬಿಗಿ ಇದ್ದರೆ ಒಳ್ಳೆಯದು. ಒಂದು ಕಡೆ ಸಲೀಸಾಗಿ ಜಾರಿ ಬಂದರೆ ಅಲ್ಲಿ ರಬ್ಬರು ಸತ್ತಿದೆ ಅಥವಾ ಗಾಜು ತಗ್ಗಿದೆ.

ಎರಡನೇ_ಗೇರ್ · ಮೇ 14

ಕ್ಷಮಿಸಿ, ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನದೂ ಕಿರುಗುಟ್ಟುತ್ತಿತ್ತು. ಒಂದು ವಿಡಿಯೊ ನೋಡಿ, ಗಾಜನ್ನು ಸ್ವಲ್ಪ ಮೇಲೆತ್ತಿದರೆ ರಬ್ಬರು ಬಿಗಿಯಾಗಿ ಕೂರುತ್ತದೆ ಎಂದುಕೊಂಡು ಪಕ್ಕದ ನಾಲ್ಕೂ ಸ್ಕ್ರೂ ಸಡಿಲಿಸಿ ಗಾಜು ಎತ್ತಿ ಬಿಗಿದೆ. ಕಿರ್ ನಿಂತಿತು. ಈಗ ತುಮಕೂರು ರಸ್ತೆಯಲ್ಲಿ 80 ದಾಟಿದರೆ ಕುಕ್ಕರ್ ಸೀಟಿ ಹೊಡೆಯುತ್ತದೆ. ಒಂದಕ್ಕೆ ಮೂರು ಸೀಟಿ ಎಣಿಸಿದ್ದೇನೆ. ಹಳೆಯ ಜಾಗದ ಗುರುತು ಹಾಕಿಕೊಂಡಿಲ್ಲ.

ಬಾಡಿಶಾಪ್_ದಾವಣಗೆರೆ · ಮೇ 14

ಗುರುತು ಹಾಕದೆ ಸ್ಕ್ರೂ ಬಿಚ್ಚಿದ್ದೀರಿ. ಬಯ್ಯುವುದಿಲ್ಲ, ನಾನೂ ಇಪ್ಪತ್ತರ ವಯಸ್ಸಿನಲ್ಲಿ ಅದನ್ನೇ ಮಾಡಿದವನು.

ಗಾಜಿನ ಮುಂದಿನ ಅಂಚು ಚಾವಣಿಯ ಮಟ್ಟಕ್ಕೆ ಸಮ ಇರಬೇಕು ಅಥವಾ ಒಂದು ಮಿಲಿಮೀಟರಿನವರೆಗೆ ತಗ್ಗಿರಬೇಕು. ಹಿಂದಿನ ಅಂಚು ಸಮ ಅಥವಾ ಒಂದು ಮಿಲಿಮೀಟರಿನವರೆಗೆ ಎತ್ತರ. ಹೆಚ್ಚಿನ ಗಾಡಿಗಳಲ್ಲಿ ಲೆಕ್ಕ ಇದೇ, ಆದರೂ ನಿಮ್ಮ ಗಾಡಿಯ ಕೈಪಿಡಿಯಲ್ಲಿ ಏನಿದೆ ಅದೇ ಕೊನೆಯ ಮಾತು. ಗಾಳಿ ಮುಂದಿನಿಂದ ಹಿಂದಕ್ಕೆ ಹರಿಯುತ್ತದೆ, ಮೆಟ್ಟಿಲು ಇಳಿದು ಹೋಗುವುದು ಅದಕ್ಕೆ ಸುಲಭ, ಎಡವಿದರೆ ಸಿಳ್ಳೆ.

ಅಳತೆಗೋಲು ಇಲ್ಲದಿದ್ದರೆ ಉಗುರು ಸಾಕು. ಬಾನೆಟ್ಟಿನ ಕಡೆಯಿಂದ ಹಿಂದಕ್ಕೆ ಉಗುರನ್ನು ಎಳೆಯಿರಿ. ಗಾಜಿನ ಅಂಚಿಗೆ ಉಗುರು ತಗುಲಿದರೆ ಗಾಳಿಗೂ ತಗುಲುತ್ತದೆ. ಹಿಂದಿನ ಅಂಚಿನಲ್ಲಿಯೂ ಅದೇ ದಿಕ್ಕು: ಗಾಜಿನಿಂದ ತಗಡಿಗೆ ಹೋಗುವಾಗ ಉಗುರು ತಡೆಯಬಾರದು.

ನಾಲ್ಕನ್ನೂ ಒಟ್ಟಿಗೆ ಸಡಿಲಿಸಬೇಡಿ. ಮುಂದಿನ ಎರಡನ್ನು ಕಾಲು ಸುತ್ತು ಬಿಡಿ, ಅಂಗೈಯಿಂದ ತಗ್ಗಿಸಿ, ಬಿಗಿಯಿರಿ, ಗಾಜು ಒಮ್ಮೆ ತೆರೆದು ಮುಚ್ಚಿ ಮತ್ತೆ ಉಗುರು ಎಳೆಯಿರಿ. ಸಾಮಾನ್ಯವಾಗಿ ನಕ್ಷತ್ರದ ತಲೆಯ ಟಾರ್ಕ್ಸ್ ಸ್ಕ್ರೂ ಇರುತ್ತದೆ, ಅಳತೆ ಸರಿಯಾದ ಬಿಟ್ ಬಳಸದಿದ್ದರೆ ತಲೆ ಸವೆದುಹೋಗುತ್ತದೆ. ಬಿಗಿಯುವುದೂ ಬೆರಳೆಣಿಕೆಯ ನ್ಯೂಟನ್ ಮೀಟರಿನ ಕೆಲಸ, ಚಕ್ರದ ಬೋಲ್ಟಿನ ಹಾಗೆ ಮೈಭಾರ ಹಾಕಬೇಡಿ. ಮೇಲಿರುವುದು ಗಾಜು.

ಕಂಪನ · ಮೇ 14

ಸೇರಿಸುವುದೊಂದಿದೆ. ಸ್ಕ್ರೂ ಮುಟ್ಟುವ ಮುಂಚೆ ಸಿಳ್ಳೆ ಗಾಜಿನದೇ ಎಂದು ಖಚಿತ ಮಾಡಿಕೊಳ್ಳಿ. ಮುಂದಿನ ಸಂದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ 80ರಲ್ಲಿ ಓಡಿಸಿ. ನಿಂತರೆ ಅದೇ ಸಂದಿ. ನಿಲ್ಲದಿದ್ದರೆ ಪಕ್ಕದ ಸಂದಿ, ಆಮೇಲೆ ಲಗೇಜು ಕಂಬಿ, ಆಮೇಲೆ ಮುಂದಿನ ಗಾಜಿನ ಮೇಲಂಚು. ಟೇಪನ್ನು ಅಂದೇ ಕೀಳಿ. ಎರಡು ದಿನ ಬಿಸಿಲಿನಲ್ಲಿ ಬೆಂದರೆ ಅಂಟು ಬಣ್ಣದ ಮೇಲೆ ಉಳಿಯುತ್ತದೆ.

ಹೇಮಾವತಿ_ದಂಡೆ · ಮೇ 19

ಭಾನುವಾರ ಬೆಳಿಗ್ಗೆ ಎಂಟಕ್ಕೆ ಕುಳಿತವನು ಊಟದ ಹೊತ್ತಿಗೆ ಎದ್ದೆ. ರಬ್ಬರಿನ ತುಟಿ ಮಡಚಿದಾಗ ಒಳಗೆ ಕಂಡದ್ದು ಹಳದಿ ಮೇಣದಂಥದ್ದು, ತೆಂಗಿನೆಣ್ಣೆಯ ಅವಶೇಷ. ಅದರಲ್ಲಿ ಎರಡು ಇರುವೆ, ಸಿಲ್ವರ್ ಓಕ್‌ನ ತರಗು, ನನ್ನ ಸ್ಪ್ರೇಯ ಜಿಡ್ಡು, ಸರ್ವಿಸ್ ಕೇಂದ್ರದ ಗ್ರೀಸು. ತಂದೆಯವರಿಗೆ ತೋರಿಸಿದೆ. ‘ಇರುವೆ ಬಂದಿದೆ ಎಂದರೆ ಎಣ್ಣೆ ಶುದ್ಧವಾದದ್ದೇ’ ಎಂದರು.

ಏಳು ಸಲ ಬಟ್ಟೆ ಹಿಂಡಿದ ಮೇಲೆ ಕಪ್ಪು ನಿಂತಿತು. ಕಾಗದದ ಪಟ್ಟಿ ಸುತ್ತಲೂ ಬಿಗಿಯಾಗಿಯೇ ಬಂತು, ಎಡ ಹಿಂದಿನ ಮೂಲೆಯಲ್ಲಿ ಮಾತ್ರ ಹರಿಯುವಷ್ಟು ಬಿಗಿ. ಅಂದರೆ ಅಲ್ಲಿ ಗಾಜು ಹೆಚ್ಚು ಒತ್ತಿಕೊಂಡಿದೆ. ಸ್ಕ್ರೂ ಮುಟ್ಟುವ ಧೈರ್ಯ ಬರಲಿಲ್ಲ. ಸಿಲಿಕೋನ್ ಗ್ರೀಸ್ ತಿಕ್ಕಿದೆ, ಒರೆಸಿದೆ. ಆಗಿನಿಂದ ಒಂದೇ ಒಂದು ಕಿರ್ ಇಲ್ಲ. ಇಂದು ಬೆಳಿಗ್ಗೆ ಮೈನಡುಗುವ ಥಂಡಿ ಇದ್ದರೂ ಇಲ್ಲ.

ಆದರೆ ಕಿರ್ ಹೋದ ಮೇಲೆ ಟಕ್ ಎಷ್ಟು ಜೋರೆಂದು ಈಗ ಗೊತ್ತಾಗುತ್ತಿದೆ.

ಕಂಪನ · ಮೇ 19

ನಿಮ್ಮ 12ನೇ ತಾರೀಖಿನ ಬರಹವನ್ನು ಮತ್ತೆ ಓದಿದೆ. ಮುಚ್ಚಿದಾಗ ಇದೆ, ಎತ್ತಿದಾಗ ಇದೆ, ಪೂರ್ತಿ ತೆರೆದಾಗ ಇಲ್ಲ. ಗಾಜು ಪೂರ್ತಿ ಹಿಂದೆ ಹೋದಾಗ ಮಾತ್ರ ಬದಲಾಗುವ ಭಾಗ ಯಾವುದು? ಗಾಳಿತಡೆ. ಮುಂದಿನ ಅಂಚಿನಲ್ಲಿ ಮಡಚಿ ಮಲಗಿರುವ ಪಟ್ಟಿ, ಗಾಜು ಹಿಂದೆ ಸರಿದಾಗ ಸ್ಪ್ರಿಂಗಿನ ಬಲದಿಂದ ಏಳುತ್ತದೆ. ಎದ್ದಾಗ ಸ್ಪ್ರಿಂಗು ಅದನ್ನು ಬಿಗಿಯಾಗಿ ಹಿಡಿದಿರುತ್ತದೆ, ಬಡಿಯುವುದಿಲ್ಲ. ಮಲಗಿದ್ದಾಗ ಅದರ ತೋಳು ಚೌಕಟ್ಟಿಗೆ ಬಡಿಯುತ್ತಿರಬಹುದು. ಗಾಜು ಒತ್ತಿದರೆ ನಿಲ್ಲದಿರುವುದಕ್ಕೂ ಅದೇ ಕಾರಣ. ನೀವು ಒತ್ತಿದ್ದು ಗಾಜನ್ನು, ಅದು ಗಾಜಿನದ್ದಲ್ಲ.

ಗಾಜು ತೆರೆದು, ಗಾಳಿತಡೆಯನ್ನು ಕೈಯಿಂದ ಕೆಳಗೆ ಒತ್ತಿ, ಬೆರಳಿನ ಗೆಣ್ಣಿನಿಂದ ಎರಡೂ ತುದಿ ತಟ್ಟಿ ನೋಡಿ. ಅದಕ್ಕೂ ಮುಂಚೆ ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳಿ. ಒಳಗೆ ಕೂತ ಮಗು ಗುಂಡಿ ಒತ್ತಿದರೆ ಬೆರಳು ಸಿಗುವುದು ನಿಮ್ಮದು.

ಹೇಮಾವತಿ_ದಂಡೆ · ಮೇ 20

ಬಲತುದಿ ತಟ್ಟಿದಾಗ ಅದೇ ಟಕ್. ತೋಳು ಬಂದು ಕೂರುವ ಜಾಗದಲ್ಲಿ ಮೊದಲು ಒಂದು ಪುಟ್ಟ ರಬ್ಬರ್ ಗುಂಡಿ ಇದ್ದಿರಬೇಕು. ಎಡಗಡೆ ಇದೆ, ಬಲಗಡೆ ಅದರ ಗುಳಿ ಮಾತ್ರ ಇದೆ. ಎಲ್ಲಿ ಉದುರಿತೋ. ಗುಂಡಿ ಮಾತ್ರ ಸಿಗುವುದಿಲ್ಲ, ಇಡೀ ಗಾಳಿತಡೆ ತರಿಸಬೇಕು ಎಂದು ಬಿಡಿಭಾಗದ ಅಂಗಡಿಯಲ್ಲಿ ಹೇಳಿದರು.

ವೈರಿಂಗಿಗೆ ಸುತ್ತುವ ಬಟ್ಟೆಯಂಥ ಫ್ಲೀಸ್ ಟೇಪ್ ತಂದು ಎರಡು ಪದರ ಅಂಟಿಸಿದೆ. ಮೂರು ಪದರ ಹಾಕಿದಾಗ ಗಾಜು ಮುಚ್ಚುವಾಗ ಸ್ವಲ್ಪ ತಡೆಯಿತು, ಆದ್ದರಿಂದ ಒಂದನ್ನು ಕಿತ್ತೆ. ಖರ್ಚು ನೂರೈವತ್ತು ರೂಪಾಯಿ, ಒಂದು ಮೊಳ ಬಳಸಿದ ಮೇಲೂ ಟೇಪಿನ ಸುರುಳಿ ಬಹುತೇಕ ಹಾಗೇ ಉಳಿದಿದೆ.

ಟಕ್ ಇಲ್ಲ.

ಗಾಜಿಲ್ಲದವನು · ಮೇ 21

ಅಭಿನಂದನೆಗಳು. ಈಗ ನನ್ನದೊಂದು ಪ್ರಶ್ನೆ, ನಗಬಾರದು. ಭಾವನ ಕಾರು ಒಂದು ವಾರದಿಂದ ನನ್ನ ಬಳಿ ಇದೆ, ಅದರಲ್ಲಿ ಸನ್‌ರೂಫ್ ಇದೆ. ಕುತೂಹಲಕ್ಕೆ ತೆರೆದೆ. 60ರ ಆಸುಪಾಸಿನಲ್ಲಿ ಹೆಲಿಕಾಪ್ಟರ್ ತಲೆಯ ಮೇಲೆ ನಿಂತಂತೆ ಬಡಬಡ, ಕಿವಿ ಗುಯ್ ಎಂದು ಮುಚ್ಚಿಕೊಳ್ಳುತ್ತದೆ. ವೇಗ ಹೆಚ್ಚಿಸಿದರೆ ಕಡಿಮೆಯಾಗುತ್ತದೆ. ಏನು ಕೆಟ್ಟಿದೆ?

ಕಂಪನ · ಮೇ 21

ನಗುತ್ತಿಲ್ಲ, ನಕ್ಕು ಮುಗಿಸಿದೆ. ಏನೂ ಕೆಟ್ಟಿಲ್ಲ. ಖಾಲಿ ಶೀಶೆಯ ಬಾಯಿಗೆ ಅಡ್ಡವಾಗಿ ಊದಿದರೆ ಬೂಂ ಎನ್ನುತ್ತದಲ್ಲ, ಈಗ ನೀವು ಶೀಶೆಯ ಒಳಗೆ ಕೂತಿದ್ದೀರಿ. ಈ ಅನುರಣನಕ್ಕೆ 19ನೇ ಶತಮಾನದ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್‌ನ ಹೆಸರಿದೆ. ಕಾರಿನಷ್ಟು ದೊಡ್ಡ ಶೀಶೆಯಲ್ಲಿ ಅದು ಸೆಕೆಂಡಿಗೆ 20 ಕಂಪನಗಳ ಆಸುಪಾಸು ಇರುತ್ತದೆ. ಅಷ್ಟು ತಗ್ಗು ಸದ್ದು ಕಿವಿಗೆ ಕೇಳುವುದಕ್ಕಿಂತ ಹೆಚ್ಚಾಗಿ ಒತ್ತಡವಾಗಿ ಬಡಿಯುತ್ತದೆ. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಗಾಳಿಯ ಸುಳಿಗಳ ತಾಳವೂ ಒಳಗಿನ ಗಾಳಿಯ ತಾಳವೂ ಕೂಡಿಕೊಳ್ಳುತ್ತವೆ.

ಹಿಂದಿನ ಕಿಟಕಿಯನ್ನು ಎರಡು ಬೆರಳಿನಷ್ಟು ಇಳಿಸಿ, ಶೀಶೆಗೆ ಇನ್ನೊಂದು ತೂತಾಗಿ ತಾಳ ತಪ್ಪುತ್ತದೆ. ಇದನ್ನು ಒಡೆಯುವುದಕ್ಕೇ ಆ ಗಾಳಿತಡೆ ಇರುವುದು. ಭಾವನ ಕಾರಿನಲ್ಲಿ ಅದು ಎದ್ದು ನಿಲ್ಲುತ್ತಿದೆಯೇ ನೋಡಿ, ಅದು ಜಾಲರಿಯದ್ದಾಗಿದ್ದು ಹರಿದಿದ್ದರೂ ಹೀಗಾಗುತ್ತದೆ.

ಗಾಜಿಲ್ಲದವನು · ಮೇ 22

ಕಿಟಕಿ ಇಳಿಸಿದೆ, ನಿಂತಿತು. ನಕ್ಷತ್ರಗಳು ಚೆನ್ನಾಗಿ ಕಾಣುತ್ತವೆ. ಇದನ್ನು ನಾನು ಹೇಳಿದೆನೆಂದು ಎಲ್ಲೂ ಬರೆಯಬೇಡಿ.

ಕೆಮ್ಮಣ್ಣು · ಮೇ 23

ಮಳೆಗಾಲ ಬಾಗಿಲಿಗೆ ಬಂದಿದೆ, ಒಂದು ಮಾತು. ಸನ್‌ರೂಫ್‌ನ ರಬ್ಬರು ನೀರನ್ನು ಪೂರ್ತಿ ತಡೆಯುವುದಿಲ್ಲ, ತಡೆಯಬೇಕಾಗಿಯೂ ಇಲ್ಲ. ಒಳಗೆ ಇಳಿದ ನೀರು ಸುತ್ತಲಿನ ಕಾಲುವೆಗೆ ಬಿದ್ದು ಸಾಮಾನ್ಯವಾಗಿ ನಾಲ್ಕು ಮೂಲೆಯ ಕೊಳವೆಗಳ ಮೂಲಕ ಹೊರಹೋಗುತ್ತದೆ. ಬ್ರೇಕು ಒತ್ತಿದಾಗ ತಲೆಯ ಮೇಲೆ ಕೊಡದಲ್ಲಿ ನೀರು ತುಳುಕಿದಂತೆ ಸದ್ದಾದರೆ ಕೊಳವೆ ಕಟ್ಟಿದೆ ಎಂದರ್ಥ. ಮುಂದಿನ ಹಂತದಲ್ಲಿ ಒಳದೀಪದಿಂದ ನೀರು ಇಳಿಯುತ್ತದೆ. ಗುಲ್‌ಮೊಹರ್ ಮರದ ಕೆಳಗೆ ನಿಲ್ಲಿಸುವವರು ವಿಶೇಷವಾಗಿ ಗಮನಿಸಿ. ಅದರ ಎಲೆಯ ಚೂರು ಆ ಕೊಳವೆಯ ಬಾಯಿಗೆ ಅಳತೆ ಕೊಟ್ಟು ಮಾಡಿಸಿದಂತಿರುತ್ತದೆ.

ಬಾಡಿಶಾಪ್_ದಾವಣಗೆರೆ · ಮೇ 23

ಕೊಳವೆಗೆ ಕಂಪ್ರೆಸರ್ ಗಾಳಿ ಊದಬೇಡಿ. ಒಳಗೆ ಎಲ್ಲೋ ಜೋಡಣೆ ಕಳಚಿಕೊಂಡರೆ ಹೊರಗೆ ಹೋಗಬೇಕಾದ ನೀರು ನೆಲಹಾಸಿನ ಕೆಳಗೆ ಸೇರುತ್ತದೆ, ಗೊತ್ತಾಗುವ ಹೊತ್ತಿಗೆ ವೈರಿಂಗ್ ಹಸಿರುಗಟ್ಟಿರುತ್ತದೆ. ತಂತಿಯನ್ನೂ ತೂರಿಸಬೇಡಿ. ತೋಟದಲ್ಲಿ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ಒಳ್ಳೆಯದು, ತುದಿಯನ್ನು ಬೆಂಕಿಗೆ ಹಿಡಿದು ದುಂಡಗೆ ಮಾಡಿಕೊಳ್ಳಿ. ಆಮೇಲೆ ಒಂದು ಸಣ್ಣ ಲೋಟ ನೀರನ್ನು ನಿಧಾನವಾಗಿ ಮೂಲೆಗೆ ಹೊಯ್ದು, ಕಾರಿನ ಕೆಳಗೆ ಅದೇ ಬದಿಯಲ್ಲಿ ಹೊರಗೆ ಬರುತ್ತದೆಯೇ ನೋಡಿ.

ಯಾರೂ ಕಂಬದ ಪ್ಲಾಸ್ಟಿಕ್, ಒಳಚಾವಣಿ ಕಿತ್ತು ಹುಡುಕಲು ಹೋಗಬೇಡಿ. ಅಲ್ಲಿ ಅಪಘಾತದಲ್ಲಿ ಕಿಟಕಿಯುದ್ದಕ್ಕೂ ಪರದೆಯಂತೆ ಇಳಿಯುವ ಏರ್‌ಬ್ಯಾಗ್ ಮಡಚಿಟ್ಟಿರುತ್ತದೆ. ಅದು ಬಲ್ಲವರ ಕೆಲಸ. ಗಾಜು ಸರಿಯುವಾಗ ಕಟಕಟ ಎಂದು ಹಲ್ಲು ಜಾರುವ ಸದ್ದು ಬಂದರೂ ಅಷ್ಟೇ. ಕೇಬಲ್ ಸವೆದಿರುತ್ತದೆ, ಎರಡು ಬದಿ ಒಂದೇ ಹೆಜ್ಜೆ ಹಾಕದೆ ಗಾಜು ಓರೆಯಾಗುತ್ತದೆ. ಗುಂಡಿ ಒತ್ತುತ್ತಲೇ ಇದ್ದರೆ ನೂರರ ಕೆಲಸ ಸಾವಿರಗಳಿಗೆ ಹೋಗುತ್ತದೆ.

ಎರಡನೇ_ಗೇರ್ · ಜೂನ್ 2

ಟೇಪ್ ಅಂಟಿಸಿದೆ, ಮುಂದಿನ ಸಂದಿಯದೇ. ಮುಂದಿನ ಎರಡು ಸ್ಕ್ರೂ ಕಾಲು ಸುತ್ತು, ಉಗುರು, ಮತ್ತೆ ಕಾಲು ಸುತ್ತು, ಉಗುರು. ಐದನೆಯ ಸಲಕ್ಕೆ ಉಗುರು ಜಾರಿತು. ಈಗ 100ರವರೆಗೆ ಸಿಳ್ಳೆ ಇಲ್ಲ. ಅಡ್ಡಗಾಳಿ ಇದ್ದಾಗ ಬಲಗಡೆ ಸಣ್ಣದೊಂದು ಪಿಸುಮಾತು ಇದೆ. ಈ ಸಲ ನಾಲ್ಕೂ ಸ್ಕ್ರೂಗೆ ಬಿಳಿ ಬಣ್ಣದ ಗುರುತು ಹಾಕಿದ್ದೇನೆ.

ಬ್ಯಾಟರಿ ತೆಗೆದಿದ್ದರಿಂದ ಒಂದೇ ಒತ್ತಿಗೆ ತೆರೆಯುವುದು ನಿಂತುಹೋಗಿತ್ತು. ಕೈಪಿಡಿ ನೋಡಿ, ಮುಚ್ಚುವ ಗುಂಡಿಯನ್ನು ಒತ್ತಿ ಹಿಡಿದೆ, ಗಾಜು ತಾನಾಗಿ ಒಮ್ಮೆ ಹೋಗಿಬಂದು ಪಾಠ ಕಲಿತುಕೊಂಡಿತು. ಯಾರಿಗಾದರೂ ಬೇಕಾಗಬಹುದು.

ಹೇಮಾವತಿ_ದಂಡೆ · ಜೂನ್ 14

ಮಳೆ ಹಿಡಿದಿದೆ. ನಾಲ್ಕು ಕೊಳವೆಯಲ್ಲಿ ಮೂರು ಸಲೀಸು, ಬಲ ಹಿಂದಿನದು ಕಟ್ಟಿತ್ತು. ನೈಲಾನ್ ದಾರಕ್ಕೆ ಹೊರಬಂದದ್ದು ಕಾಫಿ ಹೂವಿನ ಒಣ ಎಸಳು ಮತ್ತು ಒಂದು ರಬ್ಬರ್ ಗುಂಡಿ. ಗಾಳಿತಡೆಯದ್ದೆಂದು ಹಾರಿದೆ, ಇಟ್ಟು ನೋಡಿದರೆ ಅಳತೆಯೇ ಬೇರೆ. ಯಾವುದರದ್ದೋ ಗೊತ್ತಿಲ್ಲ, ಗುರುತಿಸುವವರಿದ್ದರೆ ಹೇಳಿ: ಕಪ್ಪು, ಶರಟಿನ ಗುಂಡಿಯಷ್ಟು ಅಗಲ, ನಡುವೆ ತೂತು, ಒಂದು ಬದಿ ಸವೆದಿದೆ.

ಬಾಡಿಶಾಪ್_ದಾವಣಗೆರೆ · ಜೂನ್ 14

ಎರಡೂ ಬದಿಯ ಫೋಟೊ ಹಾಕಿ, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು. ಅಲ್ಲಿಯವರೆಗೆ ಗಾಜು ಪೂರ್ತಿ ತೆರೆಯಬೇಡಿ.